ಸಾವಿರ ಪೌಂಡಿನ ಬೆಲೆ, ನಾಲ್ಕು ಪೌಂಡಿನ ಸಂಬಳ

1905ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಈಶಾನ್ಯ ಮೂಲೆಯ ಉಕ್ಕಿನ ಪಟ್ಟಣವಾದ ಮಿಡಲ್ಸ್‌ಬ್ರೋದ ಫುಟ್ಬಾಲ್ ಕ್ಲಬ್ಬು, ನೆರೆಯ ಸಂಡರ್ಲೆಂಡ್ ಕ್ಲಬ್ಬಿಗೆ 1,000 ಪೌಂಡ್ ತೆತ್ತು ಆಲ್ಫ್ ಕಾಮನ್ ಎಂಬ ಆಟಗಾರನನ್ನು ತನ್ನದಾಗಿಸಿಕೊಂಡಿತು. ಒಬ್ಬ ಆಟಗಾರನಿಗೆ ನಾಲ್ಕಂಕಿಯ ಬೆಲೆ ಬಂದದ್ದು ಅದೇ ಮೊದಲು. ಮನುಷ್ಯರನ್ನು ಹೀಗೆ ಕೊಂಡು ಮಾರುವುದಾದರೆ ಅದನ್ನು ಕ್ರೀಡೆ ಎನ್ನುವುದು ಹೇಗೆ ಎಂಬ ಚರ್ಚೆ ದೇಶದ ತುಂಬ ಎದ್ದಿತಾದರೂ, ಮಿಡಲ್ಸ್‌ಬ್ರೋ ಕ್ಲಬ್ಬಿಗೆ ಅದಕ್ಕೆ ಕಿವಿಗೊಡುವಷ್ಟು ಪುರುಸೊತ್ತು ಇರಲಿಲ್ಲ. ಹೆಚ್ಚುಕಡಿಮೆ ಎರಡು ವರ್ಷಗಳಿಂದ ಅದು ಪರವೂರಿನಲ್ಲಿ ಒಂದೂ ಲೀಗ್ ಪಂದ್ಯವನ್ನು ಗೆದ್ದಿರಲಿಲ್ಲ. ಮೊದಲ ವಿಭಾಗದಿಂದ ಕೆಳಗೆ ಜಾರುವ ಅಂಚಿನಲ್ಲಿ ನಿಂತಿತ್ತು. ಕಾಮನ್ ತನ್ನ ಹೊಸ ತಂಡದೊಂದಿಗೆ ಶೆಫೀಲ್ಡಿನ ಬ್ರಾಮಲ್ ಲೇನ್ ಮೈದಾನಕ್ಕೆ ಹೋಗಿ, ತಾನೇ ಹಿಂದೆ ಆಡುತ್ತಿದ್ದ ಶೆಫೀಲ್ಡ್ ಯುನೈಟೆಡ್ ವಿರುದ್ಧ ಪೆನಾಲ್ಟಿಯಿಂದ ಪಂದ್ಯದ ಏಕೈಕ ಗೋಲನ್ನು ಹೊಡೆದ. ಋತು ಮುಗಿದಾಗ ಮಿಡಲ್ಸ್‌ಬ್ರೋ ಮೊದಲ ವಿಭಾಗದಲ್ಲೇ ಉಳಿದಿತ್ತು. ಕೊಟ್ಟ ಹಣ ವಸೂಲಾಯಿತು ಎಂದು ನಿರ್ದೇಶಕರು ಸಮಾಧಾನಪಟ್ಟಿರಲೇಬೇಕು.

ಈ ವ್ಯವಹಾರದಲ್ಲಿ ಕಾಮನ್‌ನ ಪಾಲಿಗೆ ಬಂದದ್ದೆಷ್ಟು ಎಂಬುದು ನನ್ನನ್ನು ಹೆಚ್ಚು ಕಾಡಿದ ವಿಷಯ. ನಿಯಮದ ಪ್ರಕಾರ ಹೊಸ ಕ್ಲಬ್ಬಿಗೆ ಸಹಿ ಹಾಕುವ ಆಟಗಾರನಿಗೆ ಹೆಚ್ಚೆಂದರೆ 10 ಪೌಂಡ್ ಕೊಡಬಹುದಾಗಿತ್ತು; ಆಮೇಲೆ ವಾರಕ್ಕೆ ಹೆಚ್ಚೆಂದರೆ 4 ಪೌಂಡ್. ಅವನ ಕಾಲಿಗೆ ಸಾವಿರದ ಬೆಲೆ ಕಟ್ಟಿದವರೇ ಅವನ ದುಡಿಮೆಗೆ ನಾಲ್ಕರ ಗೆರೆ ಎಳೆದಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷಗಳ ಇಂಗ್ಲಿಷ್ ಲೀಗ್ ಫುಟ್ಬಾಲಿನ ಇತಿಹಾಸದಲ್ಲಿ ಲಂಚದ ಹಗರಣಗಳು, ಸಾಮೂಹಿಕ ನಿಷೇಧಗಳು, ಮುಷ್ಕರದ ಬೆದರಿಕೆ, ಕೋರ್ಟಿನ ಮೊಕದ್ದಮೆಗಳು, ಕೊನೆಗೆ ಮೊದಲೇ ಗೊತ್ತುಮಾಡಿಕೊಂಡು ಆಡಿದ ಒಂದು ಪಂದ್ಯ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಇವನ್ನು ಬಿಡಿಬಿಡಿಯಾಗಿ ಹೇಳುವ ರೂಢಿಯಿದೆ. ನನಗೆ ಮಾತ್ರ ಇವೆಲ್ಲವೂ ಸಾವಿರಕ್ಕೂ ನಾಲ್ಕಕ್ಕೂ ನಡುವಿನ ಆ ಅಂತರದಲ್ಲೇ ಹುಟ್ಟಿದವು ಎನ್ನಿಸುತ್ತದೆ.

ಹಣ ಪಡೆದು ಆಡುವುದನ್ನು ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಒಪ್ಪಿಕೊಂಡದ್ದು 1885ರಲ್ಲಿ, ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಮೂರು ವರ್ಷಗಳ ನಂತರ, ಬರ್ಮಿಂಗ್‌ಹ್ಯಾಮಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಆಸ್ಟನ್ ವಿಲ್ಲಾ ಕ್ಲಬ್ಬಿನ ಪದಾಧಿಕಾರಿಯಾಗಿದ್ದ ಸ್ಕಾಟ್ಲೆಂಡ್ ಮೂಲದ ವಿಲಿಯಂ ಮೆಕ್‌ಗ್ರೆಗರ್‌ನ ಪ್ರಯತ್ನದಿಂದ 12 ಕ್ಲಬ್ಬುಗಳು ಸೇರಿ ಲೀಗ್ ಕಟ್ಟಿಕೊಂಡವು. ಆಟಗಾರರಿಗೆ ವಾರವಾರ ಸಂಬಳ ಕೊಡಬೇಕಾದ ಕ್ಲಬ್ಬಿಗೆ ವಾರವಾರ ಖಚಿತವಾದ ಪಂದ್ಯ ಬೇಕು, ಪಂದ್ಯಕ್ಕೆ ಖಚಿತವಾದ ಜನ ಬೇಕು ಎಂಬುದು ಅದರ ಹಿಂದಿದ್ದ ನೇರವಾದ ಲೆಕ್ಕ. ಲಂಕಾಶೈರ್ ಮತ್ತು ಮಿಡ್‌ಲ್ಯಾಂಡ್ಸ್‌ನ ಗಿರಣಿ ಊರುಗಳಿಗಷ್ಟೇ ಸೀಮಿತವಾಗಿ ಶುರುವಾದ ಆ ಲೀಗ್ 1905ರ ಹೊತ್ತಿಗೆ ಎರಡು ವಿಭಾಗಗಳಲ್ಲಿ ತಲಾ 20ರಂತೆ 40 ಕ್ಲಬ್ಬುಗಳಿಗೆ ಬೆಳೆದಿತ್ತು.

ಜೊತೆಗೇ ಬೆಳೆದದ್ದು ನೋಂದಣಿಯ ನಿಯಮ. 1890ರ ದಶಕದಲ್ಲಿ ಗಟ್ಟಿಯಾದ ಈ ವ್ಯವಸ್ಥೆಯಲ್ಲಿ, ಒಂದು ಕ್ಲಬ್ಬಿನ ಹೆಸರಿನಲ್ಲಿ ನೋಂದಾಯಿತನಾದ ಆಟಗಾರ ಆ ಕ್ಲಬ್ಬು ಬಿಟ್ಟುಕೊಡುವ ತನಕ ಲೀಗಿನ ಬೇರೆ ಯಾವ ಕ್ಲಬ್ಬಿಗೂ ಆಡುವಂತಿರಲಿಲ್ಲ. ಒಪ್ಪಂದ ಒಂದು ಋತುವಿನದೇ ಆಗಿದ್ದರೂ ನೋಂದಣಿಗೆ ಅಂತಹ ಕೊನೆಯಿರಲಿಲ್ಲ. ಋತು ಮುಗಿದ ಮೇಲೆ ಕ್ಲಬ್ಬು ಆಟಗಾರನಿಗೆ ಸಂಬಳ ಕೊಡುವುದನ್ನು ನಿಲ್ಲಿಸಿಯೂ ಅವನ ಹೆಸರನ್ನು ತನ್ನ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಅಥವಾ ಯಾರೂ ಕೊಡಲಾಗದಷ್ಟು ಬೆಲೆಯನ್ನು ಅವನ ಹೆಸರಿನ ಮುಂದೆ ಬರೆದಿಟ್ಟು ಅವನನ್ನು ಮನೆಯಲ್ಲಿ ಕೂರಿಸಬಹುದಾಗಿತ್ತು. ಈ ಕಟ್ಟಿನ ಮೇಲೆ ಎರಡನೆಯ ಕಟ್ಟು ಬಿದ್ದದ್ದು 1901–02ರ ಋತುವಿನಿಂದ: ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಯಾರಿಗೂ ಕೊಡಕೂಡದು, ಗೆದ್ದದ್ದಕ್ಕೆ ಬೋನಸ್ ಕೂಡದು ಎಂದು ಅಸೋಸಿಯೇಷನ್ ನಿಯಮ ಮಾಡಿತು.

ನ್ಯಾಯವಾಗಿ ನೋಡಿದರೆ 4 ಪೌಂಡ್ ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಕುಶಲ ಕೆಲಸಗಾರನೊಬ್ಬ ವಾರವಿಡೀ ದುಡಿದು 2 ಪೌಂಡಿನ ಆಸುಪಾಸಿನಲ್ಲಿ ಮನೆಗೆ ತರುತ್ತಿದ್ದ ದಿನಗಳವು. ಹಾಗಾಗಿ ಈ ವ್ಯವಸ್ಥೆಯನ್ನು ಜೀತ ಎಂದು ಕರೆಯಲು ನನಗೆ ಮನಸ್ಸು ಬಾರದು. ಜೀತವೆಂದರೇನು ಎಂಬುದನ್ನು ಕಂಡ ನಾಡಿನವರು ನಾವು. ಆದರೆ ಈ 4 ಪೌಂಡ್ ಗರಿಷ್ಠ ಮಿತಿಯೇ ಹೊರತು ಎಲ್ಲರ ಸಂಬಳವಾಗಿರಲಿಲ್ಲ. ಬಹುಪಾಲು ಆಟಗಾರರಿಗೆ ಅದಕ್ಕಿಂತ ಕಡಿಮೆ ಸಿಗುತ್ತಿತ್ತು; ಬೇಸಿಗೆಯ ತಿಂಗಳುಗಳಲ್ಲಿ ಇನ್ನೂ ಕಡಿಮೆ. ಮೂವತ್ತು ದಾಟುವ ಹೊತ್ತಿಗೆ ಮಂಡಿ ಮುರಿದುಕೊಂಡು ಹೊರಬೀಳುವ ಕೆಲಸಕ್ಕೆ, ಬೇರೆ ಕಡೆ ಹೆಚ್ಚು ಕೊಡುವವರು ಇದ್ದಾಗಲೂ ಹೋಗುವಂತಿಲ್ಲದ ಕೆಲಸಕ್ಕೆ, ಅದು ಸಾಕೇ ಎಂದು ಕೇಳುವ ಹಕ್ಕು ಆಟಗಾರನಿಗಿತ್ತು ಎಂದಷ್ಟೇ ನನ್ನ ವಾದ.

ಹಣ ಇರಲಿಲ್ಲವೇ? ಧಾರಾಳವಾಗಿ ಇತ್ತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಗಿರಣಿ, ಕಾರ್ಖಾನೆಗಳು ಮುಚ್ಚುತ್ತಿದ್ದವು. ಗಂಡಸರು ಕೆಲಸದ ಬಟ್ಟೆಯಲ್ಲೇ, ಟೋಪಿ ಹಾಕಿಕೊಂಡು, ಆರು ಪೆನ್ನಿ ಕೊಟ್ಟು ಮೈದಾನಕ್ಕೆ ನುಗ್ಗುತ್ತಿದ್ದರು. ಇಂದು ನಮ್ಮ ಮನೆಗಳಲ್ಲಿ ಶನಿವಾರ ರಾತ್ರಿ ಏಳೂವರೆಗೋ ಎಂಟೂವರೆಗೋ ಟೀವಿ ಹಾಕುವ ಪ್ರೀಮಿಯರ್ ಲೀಗ್ ಪ್ರೇಮಿಗಳು ಕಾಯುವುದು ಅಲ್ಲಿಯ ಮಧ್ಯಾಹ್ನ ಮೂರು ಗಂಟೆಗಾಗಿ. ಆ ಮೂರು ಗಂಟೆಯ ಹಿಂದೆ ಇರುವುದು ಕಾರ್ಮಿಕನ ಅರ್ಧ ದಿನದ ರಜೆ. 1901ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಟಾಟೆನ್‌ಹ್ಯಾಮ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವೆ ನಡೆದ ಫುಟ್ಬಾಲ್ ಅಸೋಸಿಯೇಷನ್ನಿನ ಕಪ್ (ಎಫ್‌ಎ ಕಪ್) ಫೈನಲ್ ನೋಡಲು 1,10,820 ಜನ ಸೇರಿದ್ದರು. ಷೇರುದಾರರಿಗೆ ಶೇಕಡಾ 5ಕ್ಕಿಂತ ಹೆಚ್ಚು ಲಾಭಾಂಶ ಹಂಚಕೂಡದು ಎಂಬ ನಿಯಮವೂ ಇದ್ದುದರಿಂದ, ಗೇಟಿನಲ್ಲಿ ಬಿದ್ದ ಹಣ ಮೈದಾನಗಳಿಗೆ ಹೋಯಿತು, ವರ್ಗಾವಣೆಯ ಬೆಲೆಗೆ ಹೋಯಿತು. ಅದಕ್ಕೆ ಮೊದಲು ಕಾರ್ಖಾನೆ ಕಟ್ಟಡಗಳನ್ನು ವಿನ್ಯಾಸ ಮಾಡುತ್ತಿದ್ದ ಗ್ಲಾಸ್ಗೋದ ಇಂಜಿನಿಯರ್ ಆರ್ಚಿಬಾಲ್ಡ್ ಲೀಚ್ ಒಂದರ ಮೇಲೊಂದು ಫುಟ್ಬಾಲ್ ಮೈದಾನವನ್ನು ಕಟ್ಟಿದ್ದು ಈ ವರ್ಷಗಳಲ್ಲೇ. ನಿರ್ದೇಶಕರ ಕುರ್ಚಿಯಲ್ಲಿ ಕೂತವರು ಬಿಯರ್ ತಯಾರಕರು, ಕಾರ್ಖಾನೆ ಮಾಲೀಕರು, ವ್ಯಾಪಾರಿಗಳು. ಅವರು ಕ್ಲಬ್ಬಿನಿಂದ ಸಂಬಳ ಪಡೆಯುತ್ತಿರಲಿಲ್ಲ ನಿಜ; ಪಡೆಯುತ್ತಿದ್ದುದು ಊರಿನಲ್ಲಿ ಮರ್ಯಾದೆ, ಕೆಲವೊಮ್ಮೆ ಮತ.

ಸಂಬಳದ ಮಿತಿಯನ್ನು ಸಮರ್ಥಿಸುವವರು, ಆಗಲೂ ಈಗಲೂ, ಒಂದು ಗಟ್ಟಿಯಾದ ಮಾತನ್ನು ಹೇಳುತ್ತಾರೆ: ಮಿತಿ ಇಲ್ಲದಿದ್ದರೆ ಎರಡು ಮೂರು ಶ್ರೀಮಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಉಳಿದವರ ಶನಿವಾರವನ್ನು ಸಪ್ಪೆ ಮಾಡಿಬಿಡುತ್ತಿದ್ದವು. 1901ರಿಂದ 1915ರ ವರೆಗಿನ 15 ಋತುಗಳಲ್ಲಿ ಲಿವರ್‌ಪೂಲ್, ಸಂಡರ್ಲೆಂಡ್, ಶೆಫೀಲ್ಡ್ ವೆನ್ಸ್‌ಡೇ, ನ್ಯೂಕಾಸಲ್, ಮ್ಯಾಂಚೆಸ್ಟರ್ ಯುನೈಟೆಡ್, ಆಸ್ಟನ್ ವಿಲ್ಲಾ, ಬ್ಲ್ಯಾಕ್‌ಬರ್ನ್ ಮತ್ತು ಎವರ್ಟನ್ ಎಂಬ ಎಂಟು ಕ್ಲಬ್ಬುಗಳು ಪ್ರಶಸ್ತಿ ಗೆದ್ದವು. ಇಂದಿನ ಲೀಗ್ ನೋಡುವವರಿಗೆ ಇದು ಅಸೂಯೆ ಹುಟ್ಟಿಸುವ ಪಟ್ಟಿ. ಈ ವಾದವನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಆದರೂ ಆ ಸಮತೋಲವನ್ನು ಸಂಬಳದ ಮಿತಿಯೇ ತಂದಿತು ಎನ್ನಲು ಅಡ್ಡಿಯಾಗುವ ಒಂದು ಸಂಗತಿಯಿದೆ: ಆ ಮಿತಿಯನ್ನು ದೊಡ್ಡ ಕ್ಲಬ್ಬುಗಳು ಪಾಲಿಸುತ್ತಲೇ ಇರಲಿಲ್ಲ. ಕಾಮನ್‌ನನ್ನು ಕೊಂಡ ಮಿಡಲ್ಸ್‌ಬ್ರೋ ಕೆಲವೇ ಕಾಲದಲ್ಲಿ ಆಟಗಾರರಿಗೆ ಅಕ್ರಮವಾಗಿ ಹಣ ಕೊಟ್ಟದ್ದಕ್ಕಾಗಿ ಸಿಕ್ಕಿಬಿದ್ದು 250 ಪೌಂಡ್ ದಂಡ ತೆತ್ತಿತು. ಅದರ 12 ನಿರ್ದೇಶಕರಲ್ಲಿ 11 ಮಂದಿ ಅಮಾನತಾದರು. ಇನ್ನೊಂದು ಕಡೆ, ಆಟಗಾರನ ಬೆಲೆಗೂ ಮಿತಿ ಹಾಕೋಣವೆಂದು 1908ರಲ್ಲಿ ಅಸೋಸಿಯೇಷನ್ 350 ಪೌಂಡಿನ ಗೆರೆ ಎಳೆದಾಗ ಅದು ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು. ಸಂಬಳದ ಗೆರೆ ಅರುವತ್ತು ವರ್ಷ ಬಾಳಿತು. ಯಾವ ನಿಯಮ ಯಾರ ಅನುಕೂಲಕ್ಕೆ ಎಂಬುದನ್ನು ತಿಳಿಯಲು ಈ ಎರಡರ ಆಯುಷ್ಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಕದ್ದುಮುಚ್ಚಿ ಕೊಡುವ ಹಣದ ಕಥೆಯಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಬಿಲ್ಲಿ ಮೆರೆಡಿತ್. 1874ರಲ್ಲಿ ವೇಲ್ಸ್ ಗಡಿಯ ಚರ್ಕ್ ಎಂಬ ಕಲ್ಲಿದ್ದಲ ಊರಿನ ಬಳಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೇ ಗಣಿಗಿಳಿದ ಹುಡುಗ. ಬಲಪಕ್ಕದ ಗೆರೆಗುಂಟ ಚೆಂಡನ್ನು ತಳ್ಳಿಕೊಂಡು ಓಡುವಾಗಲೂ ಹಲ್ಲುಗಳ ನಡುವೆ ಒಂದು ಹಲ್ಲುಕಡ್ಡಿ ಕಚ್ಚಿಕೊಂಡಿರುತ್ತಿದ್ದ ಅವನನ್ನು ವ್ಯಂಗ್ಯಚಿತ್ರಕಾರರು ಆ ಕಡ್ಡಿಯಿಂದಲೇ ಗುರುತಿಸುವಂತೆ ಬರೆಯುತ್ತಿದ್ದರು. 1904ರಲ್ಲಿ ಮ್ಯಾಂಚೆಸ್ಟರ್ ಸಿಟಿ ಮೊದಲ ಬಾರಿಗೆ ಎಫ್‌ಎ ಕಪ್ ಗೆದ್ದಾಗ ಬೋಲ್ಟನ್ ವಿರುದ್ಧ ಫೈನಲ್‌ನ ಏಕೈಕ ಗೋಲು ಅವನದು. ಮರುವರ್ಷ ಏಪ್ರಿಲ್ 29ರಂದು ಸಿಟಿ ಲೀಗ್ ಪ್ರಶಸ್ತಿಯ ಆಸೆ ಹೊತ್ತು ಆಸ್ಟನ್ ವಿಲ್ಲಾ ಮೈದಾನಕ್ಕೆ ಹೋಗಿ 3–2ರಿಂದ ಸೋತಿತು. ಪಂದ್ಯ ಬಹಳ ಒರಟಾಗಿತ್ತು. ಸಿಟಿಯ ಯುವ ಆಟಗಾರ ಸ್ಯಾಂಡಿ ಟರ್ನ್‌ಬುಲ್ ಮತ್ತು ವಿಲ್ಲಾ ನಾಯಕ ಅಲೆಕ್ ಲೀಕ್ ಕೈಕೈ ಮಿಲಾಯಿಸಿದರು. ಆ ಜಗಳದ ವಿಚಾರಣೆಗೆ ಹೊರಟ ಅಸೋಸಿಯೇಷನ್ನಿಗೆ ಸಿಕ್ಕಿದ್ದು ಬೇರೆಯೇ ವಿಷಯ: ಪಂದ್ಯ ಬಿಟ್ಟುಕೊಡಲು ಮೆರೆಡಿತ್ ಲೀಕ್‌ಗೆ 10 ಪೌಂಡ್ ಕೊಡಲು ಮುಂದಾಗಿದ್ದನಂತೆ. ಮೆರೆಡಿತ್ ಅಲ್ಲಗಳೆದ. ಅವನನ್ನು ಆಟದಿಂದ ಹೊರಗಿಡಲಾಯಿತು.

ಇಲ್ಲಿಯವರೆಗೆ ಇದು ಒಬ್ಬನ ತಪ್ಪಿನ ಕಥೆ. ಮುಂದೆ ನಡೆದದ್ದು ಇಡೀ ವ್ಯವಸ್ಥೆಯ ಹೊದಿಕೆಯನ್ನು ಎಳೆದುಹಾಕಿತು. ನಿಷೇಧದ ಅವಧಿಯಲ್ಲಿ ತನ್ನನ್ನು ಕ್ಲಬ್ಬು ಸಾಕಬೇಕೆಂದು ಮೆರೆಡಿತ್ ಕೇಳಿದ, ಕ್ಲಬ್ಬು ಕೈಯೆತ್ತಿತು. ಆಗ ಅವನು ಬಾಯಿಬಿಟ್ಟ: ಲಂಚದ ಮಾತನ್ನಾಡಿದ್ದು ಮ್ಯಾನೇಜರ್ ಟಾಮ್ ಮೇಲಿಯ ಸೂಚನೆಯಂತೆ, ತನಗೆ ವರ್ಷಗಳಿಂದ ಬರುತ್ತಿದ್ದುದು ವಾರಕ್ಕೆ 4 ಅಲ್ಲ 6 ಪೌಂಡ್, ಹಾಗೆ ಹೆಚ್ಚು ಪಡೆಯುತ್ತಿದ್ದವನು ತಾನೊಬ್ಬನೇ ಅಲ್ಲ. ಅವನು ಸಾಧುವಲ್ಲ; ತನಗೆ ಬರಬೇಕಾದ ಹಣ ಬರುವ ತನಕ ಬಾಯಿ ಮುಚ್ಚಿಕೊಂಡಿದ್ದವನು. ಆದರೂ ಅವನು ಹೇಳಿದ್ದನ್ನು ಲೆಕ್ಕಪತ್ರಗಳು ಎತ್ತಿಹಿಡಿದವು. 1906ರಲ್ಲಿ ಅಸೋಸಿಯೇಷನ್ ಮೇಲಿಯನ್ನೂ ಮಾಜಿ ಅಧ್ಯಕ್ಷನನ್ನೂ ಶಾಶ್ವತವಾಗಿ ಹೊರಹಾಕಿ, 17 ಆಟಗಾರರನ್ನು 1907ರ ಜನವರಿ 1ರ ತನಕ ಅಮಾನತು ಮಾಡಿ, ಅವರ ಮೇಲೆ ಒಟ್ಟು 900 ಪೌಂಡ್ ದಂಡ ಹೇರಿ, ಅವರಾರೂ ಮತ್ತೆ ಸಿಟಿಗೆ ಆಡಕೂಡದು ಎಂದಿತು.

ಆಡಕೂಡದು ಎಂದಮೇಲೆ ಮಾರಬೇಕು. ಮ್ಯಾಂಚೆಸ್ಟರಿನ ಕ್ವೀನ್ಸ್ ಹೋಟೆಲಿನಲ್ಲಿ ಬೇರೆ ಬೇರೆ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಸಿಟಿಯ ತಂಡವನ್ನು ತುಂಡುತುಂಡಾಗಿ ಕೊಂಡರು. ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವಾಗ ಎತ್ತು ಪಕ್ಕದಲ್ಲೇ ನಿಂತಿರುತ್ತದಲ್ಲ, ಆ ಚಿತ್ರ ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂತು. ಅದೇ ಊರಿನ ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಅರ್ನೆಸ್ಟ್ ಮ್ಯಾಗ್ನಲ್ ಮಾತ್ರ ಉಳಿದವರಿಗಿಂತ ಮೊದಲೇ ಹೆಜ್ಜೆಯಿಟ್ಟು ಮೆರೆಡಿತ್, ಟರ್ನ್‌ಬುಲ್, ಹರ್ಬರ್ಟ್ ಬರ್ಜೆಸ್, ಜಿಮ್ಮಿ ಬ್ಯಾನಿಸ್ಟರ್ ಎಂಬ ನಾಲ್ವರನ್ನು ತನ್ನ ಕಡೆಗೆ ಸೆಳೆದುಕೊಂಡಿದ್ದ. ಯುನೈಟೆಡ್ ಆಗ ಹೆಸರಿನಲ್ಲಿ ಹೊಸದು. ರೈಲ್ವೆ ಕೆಲಸಗಾರರು ಕಟ್ಟಿದ ನ್ಯೂಟನ್ ಹೀತ್ ಎಂಬ ಕ್ಲಬ್ಬು 1902ರಲ್ಲಿ ದಿವಾಳಿಯ ಬಾಗಿಲಿಗೆ ಬಂದಾಗ ಜಾನ್ ಹೆನ್ರಿ ಡೇವಿಸ್ ಎಂಬ ಬಿಯರ್ ಉದ್ಯಮಿ ಹಣ ಹಾಕಿ ಎತ್ತಿ ನಿಲ್ಲಿಸಿದ್ದ. ನಿಷೇಧ ಮುಗಿದ ದಿನವೇ, ಅಂದರೆ 1907ರ ಹೊಸ ವರ್ಷದ ದಿನ, ಯುನೈಟೆಡ್ ತಂಡ ಅದೇ ಆಸ್ಟನ್ ವಿಲ್ಲಾವನ್ನು 1–0ಯಿಂದ ಸೋಲಿಸಿತು. ಮೆರೆಡಿತ್ ತಂದುಕೊಟ್ಟ ಚೆಂಡು, ಟರ್ನ್‌ಬುಲ್ ಹೊಡೆದ ಗೋಲು. 1908ರಲ್ಲಿ ಲೀಗ್, 1909ರಲ್ಲಿ ಟರ್ನ್‌ಬುಲ್‌ನ ಏಕೈಕ ಗೋಲಿನಿಂದ ಎಫ್‌ಎ ಕಪ್ ಆ ತಂಡದ ಪಾಲಾದವು.

ಈ ತಂಡದಲ್ಲೇ ಆಟಗಾರರ ಸಂಘ ಹುಟ್ಟಿದ್ದು ಕಾಕತಾಳೀಯವಲ್ಲ. 1898ರಲ್ಲಿ ಕಟ್ಟಿದ್ದ ಮೊದಲ ಸಂಘ ಮೂರು ನಾಲ್ಕು ವರ್ಷಗಳಲ್ಲೇ ಕರಗಿಹೋಗಿತ್ತು. 1907ರ ಏಪ್ರಿಲಿನಲ್ಲಿ ಯುನೈಟೆಡ್‌ನ ಮೀಸಲು ತಂಡದ ಪಂದ್ಯವೊಂದರಲ್ಲಿ ಥಾಮಸ್ ಬ್ಲ್ಯಾಕ್‌ಸ್ಟಾಕ್ ಎಂಬ ಆಟಗಾರ ಚೆಂಡಿಗೆ ತಲೆಗೊಟ್ಟು ಕುಸಿದುಬಿದ್ದು ಸತ್ತ. ಸಹಜ ಸಾವು ಎಂಬ ತೀರ್ಮಾನ ಬಂತು. ಕುಟುಂಬಕ್ಕೆ ಪರಿಹಾರ ಸಿಗಲಿಲ್ಲ. ಅದೇ ವರ್ಷ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲಿನಲ್ಲಿ ಸೇರಿದ ಸಭೆಯ ಅಧ್ಯಕ್ಷತೆ ವಹಿಸಿದವನು ಮೆರೆಡಿತ್. ತಂಡದ ನಾಯಕ ಚಾರ್ಲಿ ರಾಬರ್ಟ್ಸ್ ಅವನ ಜೊತೆಗಿದ್ದ, ಗೋಲ್‌ಕೀಪರ್ ಹರ್ಬರ್ಟ್ ಬ್ರೂಮ್‌ಫೀಲ್ಡ್ ಕಾರ್ಯದರ್ಶಿಯಾದ. ಸಂಬಳದ ಮಿತಿ ಹೋಗಬೇಕು, ವರ್ಗಾವಣೆಯ ಕಟ್ಟು ಸಡಿಲವಾಗಬೇಕು, ಗಾಯಗೊಂಡವನಿಗೂ ಸತ್ತವನ ಮನೆಯವರಿಗೂ ಪರಿಹಾರ ಸಿಗಬೇಕು ಎಂಬುವು ಬೇಡಿಕೆಗಳು.

ಮೊದಲು ಅಸೋಸಿಯೇಷನ್ ಈ ಸಂಘವನ್ನು ಸಹಿಸಿಕೊಂಡಿತು. ಸಂಘವು ದೇಶದ ಕಾರ್ಮಿಕ ಸಂಘಗಳ ಮಹಾಒಕ್ಕೂಟಕ್ಕೆ ಸೇರಲು ಹೊರಟಾಗ ಬಣ್ಣ ಬದಲಾಯಿತು. ನಾಳೆ ಗಣಿ ಕಾರ್ಮಿಕರೋ ರೈಲ್ವೆಯವರೋ ಮುಷ್ಕರ ಹೂಡಿದರೆ ಅವರ ಬೆಂಬಲಕ್ಕೆಂದು ಶನಿವಾರದ ಪಂದ್ಯಗಳೂ ನಿಂತುಬಿಟ್ಟರೇನು ಗತಿ ಎಂಬ ಭಯ ನಿರ್ದೇಶಕರದು. ಅವರಲ್ಲಿ ಅನೇಕರು ವಾರದ ಉಳಿದ ದಿನಗಳಲ್ಲಿ ಅದೇ ಕಾರ್ಮಿಕರ ಧಣಿಗಳಾಗಿದ್ದರು ಎಂಬುದನ್ನು ಮರೆಯಬಾರದು. 1909ರ ಬೇಸಿಗೆಯಲ್ಲಿ ಅಸೋಸಿಯೇಷನ್ ಆಜ್ಞೆ ಹೊರಡಿಸಿತು: ಜುಲೈ 1ರೊಳಗೆ ಸಂಘವನ್ನು ಬಿಡಿ, ಇಲ್ಲವಾದರೆ ನೋಂದಣಿ ರದ್ದು. ಆಟಗಾರರು ಸಾಲುಸಾಲಾಗಿ ಸಂಘ ಬಿಟ್ಟರು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ನೋಂದಣಿ ಹೋದರೆ ಅವರಿಗೆ ಉಳಿಯುತ್ತಿದ್ದುದು ಮತ್ತೆ ಗಣಿ, ಮತ್ತೆ ಗಿರಣಿ.

ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರು ಬಿಡಲಿಲ್ಲ. ಕೆಲವೇ ತಿಂಗಳ ಹಿಂದೆ ಕಪ್ ಗೆದ್ದಿದ್ದ ತಂಡವನ್ನು ಅದರದೇ ಕ್ಲಬ್ಬು ಅಮಾನತು ಮಾಡಿತು, ಸಂಬಳ ನಿಲ್ಲಿಸಿತು, ಮೈದಾನಕ್ಕೆ ಕಾಲಿಡಬೇಡಿ ಎಂದಿತು. ಸಂಬಳ ಕೇಳಲು ಹೋದಾಗ ಏನೂ ಸಿಗದೆ, ಕಚೇರಿಯ ಗೋಡೆಯಲ್ಲಿದ್ದ ಪಟಗಳನ್ನೇ ಕೆಲವರು ಹೊತ್ತುಕೊಂಡು ಹೊರಟರೆಂದೂ, ಟರ್ನ್‌ಬುಲ್‌ನ ಕಂಕುಳಲ್ಲಿ ಒಂದು ನಿಲುಗನ್ನಡಿ ಇತ್ತೆಂದೂ ರಾಬರ್ಟ್ಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಋತು ಹತ್ತಿರವಾಗುತ್ತಿತ್ತು, ಮೈಯ ಕಸುವು ಉಳಿಸಿಕೊಳ್ಳಬೇಕಿತ್ತು. ಅವರು ಊರಿನ ಫ್ಯಾಲೋಫೀಲ್ಡ್ ಎಂಬಲ್ಲಿನ ಅಥ್ಲೆಟಿಕ್ ಮೈದಾನದಲ್ಲಿ ತಾವೇ ಅಭ್ಯಾಸ ಶುರುಮಾಡಿದರು. ಪತ್ರಿಕೆಯ ಛಾಯಾಗ್ರಾಹಕನೊಬ್ಬ ಬಂದ ದಿನ ರಾಬರ್ಟ್ಸ್‌ಗೆ ಏನು ಹೊಳೆಯಿತೋ, ಒಂದು ಹಲಗೆಯ ಮೇಲೆ ‘ಬಹಿಷ್ಕೃತರ ಫುಟ್ಬಾಲ್ ಕ್ಲಬ್, 1909’ ಎಂಬ ಅರ್ಥದ ಹೆಸರು ಬರೆಸಿ, ಅದನ್ನು ಮುಂದಿಟ್ಟು ಎಲ್ಲರನ್ನೂ ಸಾಲಾಗಿ ಕೂರಿಸಿ ನಿಲ್ಲಿಸಿದ. ಆ ಫೋಟೋ ಇಂದಿಗೂ ಸುಲಭವಾಗಿ ನೋಡಸಿಗುತ್ತದೆ. ಫುಟ್ಬಾಲ್ ತಂಡಗಳ ಹಳೆಯ ಫೋಟೋಗಳಲ್ಲಿ ಆಟಗಾರರು ಸಾಮಾನ್ಯವಾಗಿ ಶಾಲೆಯ ಹುಡುಗರಂತೆ ಸೆಟೆದು ಕೂತಿರುತ್ತಾರೆ. ಈ ಫೋಟೋದಲ್ಲಿ ಕೂತವರು ತಮ್ಮ ಇಚ್ಛೆಯಿಂದ ಬಂದು ಕೂತವರ ಹಾಗೆ ಕಾಣುತ್ತಾರೆ. ಹೀಗೆ ಕಾಣುವುದು ಕಥೆ ಗೊತ್ತಿರುವುದರಿಂದಲೂ ಇರಬಹುದು.

ಎವರ್ಟನ್‌ನ ಟಿಮ್ ಕೋಲ್ಮನ್ ಬಹಿರಂಗವಾಗಿ ಇವರ ಪಕ್ಕ ಬಂದು ನಿಂತ. ಆಮೇಲೆ ಬೇರೆ ಕ್ಲಬ್ಬುಗಳ ಆಟಗಾರರೂ ಒಬ್ಬೊಬ್ಬರಾಗಿ ಧೈರ್ಯ ತಂದುಕೊಂಡರು. ಸೆಪ್ಟೆಂಬರ್ 1ಕ್ಕೆ ಋತು ಶುರುವಾಗಬೇಕು. ಆಗಸ್ಟ್ 31ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಸೇರಿ ರಾಜಿಯಾಯಿತು. ಸಂಘಕ್ಕೆ ಮಾನ್ಯತೆ ಮರಳಿ ಸಿಗುತ್ತದೆ, ಅಮಾನತು ಹೋಗುತ್ತದೆ, ಬಾಕಿ ಸಂಬಳ ಬರುತ್ತದೆ. ಪ್ರತಿಯಾಗಿ, ಕಾರ್ಮಿಕರ ಮಹಾಒಕ್ಕೂಟದ ನಂಟನ್ನು ಸಂಘವು ಅದೇ ವರ್ಷ ಸದಸ್ಯರ ಮತ ಪಡೆದು ಕಡಿದುಕೊಂಡಿತು.

ಇದನ್ನು ಆಟಗಾರರ ಗೆಲುವೆಂದು ಬರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸಂಘ ಬದುಕಿತು ಎಂಬುದು ನಿಜ, ಅದು ಸಣ್ಣ ಸಂಗತಿಯಲ್ಲ. ಅದೇ ಸಂಘ ಹೆಸರು ಬದಲಿಸಿಕೊಂಡು ಇಂದಿಗೂ ಇದೆ. ಆದರೆ ಸಂಬಳದ ಮಿತಿಯನ್ನೂ ವರ್ಗಾವಣೆಯ ಕಟ್ಟನ್ನೂ ಮುಟ್ಟುವ ಶಕ್ತಿ ಅದಕ್ಕೆ ಇದ್ದದ್ದು ಲಕ್ಷಾಂತರ ಕಾರ್ಮಿಕರ ಜೊತೆ ನಿಂತಾಗ. ಆ ಜೊತೆಯನ್ನೇ ಬಿಟ್ಟುಕೊಟ್ಟು ಅದು ಜೀವ ಉಳಿಸಿಕೊಂಡಿತು. ಮರುವರ್ಷ ಮಿತಿ 5 ಪೌಂಡಿಗೆ ಏರಿತು, ಅದೂ ದೀರ್ಘ ಸೇವೆ ಸಲ್ಲಿಸಿದವರಿಗೆ ಹತ್ತು ಹತ್ತು ಶಿಲ್ಲಿಂಗಿನ ಎರಡು ಕಂತುಗಳಲ್ಲಿ. ಮೈದಾನದ ಮಣ್ಣುದಿಬ್ಬದ ಮೇಲೆ ಮಳೆಯಲ್ಲಿ ನಿಂತು ಇವರಿಗಾಗಿ ಕೂಗುತ್ತಿದ್ದ ಗಣಿಗಾರ, ತಾನೇ ಒಂದು ಸಂಘದ ಸದಸ್ಯನಾಗಿದ್ದರೂ, ತನ್ನ ಎರಡರಷ್ಟು ಗಳಿಸುವ ಆಟಗಾರನನ್ನು ತನ್ನಂತೆಯೇ ಒಬ್ಬ ಕೆಲಸಗಾರನೆಂದು ಒಪ್ಪಲು ಸಿದ್ಧನಿದ್ದನೇ ಎಂಬುದು ಬೇರೆ ಪ್ರಶ್ನೆ.

ಅವನು ಕೆಲಸಗಾರ ಹೌದು ಎಂದು ಒಪ್ಪಿದ್ದು ಕೋರ್ಟು. ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿಗೆ ವಾರಕ್ಕೆ ಮೂರೂವರೆ ಪೌಂಡಿಗೆ ಆಡುತ್ತಿದ್ದ ವಾಕರ್ ಎಂಬವನು ಮಂಡಿಗೆ ಪೆಟ್ಟಾಗಿ ಕೆಲಸ ಕಳೆದುಕೊಂಡಾಗ, ಫುಟ್ಬಾಲ್ ಆಟಗಾರನೂ 1906ರ ಕಾರ್ಮಿಕ ಪರಿಹಾರ ಕಾಯಿದೆಯ ಪ್ರಕಾರ ಕಾರ್ಮಿಕನೇ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಕ್ಲಬ್ಬು ಹೇಳಿದ ಹೊತ್ತಿಗೆ ಅಭ್ಯಾಸಕ್ಕೆ ಬರಬೇಕು, ಹೇಳಿದ ಕಡೆ ಆಡಬೇಕು, ಅದಕ್ಕೆ ವಾರದ ಸಂಬಳ. ಹಾಗಿದ್ದ ಮೇಲೆ ಅದು ಉದ್ಯೋಗವಲ್ಲದೆ ಇನ್ನೇನು? ಬ್ಲ್ಯಾಕ್‌ಸ್ಟಾಕ್ ಸತ್ತಾಗ ಇಂತಹ ತೀರ್ಪು ಇದ್ದಿದ್ದರೆ ಎಂದು ಅನ್ನಿಸದೆ ಇರದು.

ವರ್ಗಾವಣೆಯ ಕಟ್ಟನ್ನೂ ಹೀಗೆಯೇ ಕೋರ್ಟಿನಲ್ಲಿ ಕಡಿಯಬಹುದೆಂದು ಸಂಘ ಆಸೆಪಟ್ಟಿತು. ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾಗೆ ಬೇಡವಾಗಿದ್ದ, ಆದರೂ ಅವನ ನೋಂದಣಿ ವಿಲ್ಲಾದ ಕೈಯಲ್ಲೇ ಇತ್ತು. ಲೀಗಿನ ಹೊರಗಿದ್ದ ದಕ್ಷಿಣದ ಕ್ಲಬ್ಬುಗಳಿಗೆ ಕೆಲ ವರ್ಷ ಆಡಿ ಬದುಕಿದ. ಆ ದಕ್ಷಿಣದ ಲೀಗೂ ಈ ಲೀಗೂ ಪರಸ್ಪರರ ನೋಂದಣಿಯನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಬಂದ ಕೂಡಲೇ ವಿಲ್ಲಾ ಅವನ ಬೆಲೆ ಕೇಳಿತು, ಅಷ್ಟು ಕೊಡುವವರಿಲ್ಲದೆ ಅವನ ಬದುಕಿನ ದಾರಿ ಮುಚ್ಚಿತು. 1912ರಲ್ಲಿ ಸಂಘದ ಹಣದಿಂದ ಮೊಕದ್ದಮೆ ನಡೆಯಿತು. ಅವನ ವಕೀಲರು ಆ ವ್ಯವಸ್ಥೆಯೇ ಅನ್ಯಾಯದ್ದೆಂದು ಹೇಳುವ ಬದಲು ವಿಲ್ಲಾಗೆ ದುರುದ್ದೇಶವಿತ್ತೆಂದು ವಾದಿಸಿದರು. ಕ್ಲಬ್ಬು ಒಪ್ಪಂದದಂತೆಯೇ ನಡೆದುಕೊಂಡಿದೆ ಎಂದು ನ್ಯಾಯಾಧೀಶರು ಪ್ರಕರಣವನ್ನು ತಳ್ಳಿಹಾಕಿದರು. ಖರ್ಚಿನ ಭಾರಕ್ಕೆ ಸಂಘ ಮುಳುಗುವ ಸ್ಥಿತಿಗೆ ಬಂತು. ಅದೇ ಪ್ರಶ್ನೆಗೆ ಬೇರೆ ಉತ್ತರ ಸಿಗಲು 1963ರ ಜಾರ್ಜ್ ಈಸ್ಟ್‌ಹ್ಯಾಮ್ ಪ್ರಕರಣದ ತನಕ ಕಾಯಬೇಕಾಯಿತು. ಸಂಬಳದ ಮಿತಿ 1961ರಲ್ಲಿ ಹೋಗಿತ್ತು.

ಲಂಚ ಎಂದೊಡನೆ ಆಟಗಾರನತ್ತ ಬೆರಳು ತೋರುವವರಿಗೆ 1910ರ ಡಿಸೆಂಬರಿನ ಒಂದು ಪ್ರಸಂಗವನ್ನು ನೆನಪಿಸಬೇಕು. ಮಿಡಲ್ಸ್‌ಬ್ರೋ ಕ್ಲಬ್ಬಿನ ಅಧ್ಯಕ್ಷ ಗಿಬ್ಸನ್ ಪೂಲ್ ಆಗ ಸಂಸತ್ತಿನ ಚುನಾವಣೆಗೆ ನಿಂತಿದ್ದ. ಮತದಾನಕ್ಕೆ ಕೆಲವೇ ದಿನ ಮುಂಚೆ ಸಂಡರ್ಲೆಂಡ್ ಜೊತೆ ಪಂದ್ಯ. ಗೆದ್ದರೆ ಊರಿನ ಜನ ಖುಷಿಯಾಗುತ್ತಾರೆ, ಖುಷಿಯಾದವರು ಮತ ಹಾಕುತ್ತಾರೆ. ಮ್ಯಾನೇಜರ್ ಆಂಡಿ ವಾಕರ್ ಸಂಡರ್ಲೆಂಡ್ ನಾಯಕ ಚಾರ್ಲಿ ಥಾಮ್ಸನ್ ಬಳಿ ಹೋಗಿ ಅವನಿಗೆ 10 ಪೌಂಡ್, ಉಳಿದವರಿಗೆ ತಲಾ 2 ಪೌಂಡ್ ಎಂದ. ಥಾಮ್ಸನ್ ಅದನ್ನು ತನ್ನ ಕ್ಲಬ್ಬಿಗೆ ತಿಳಿಸಿದ. ಮಿಡಲ್ಸ್‌ಬ್ರೋ ಆ ಪಂದ್ಯವನ್ನು ಪ್ರಾಮಾಣಿಕವಾಗಿಯೇ 1–0ಯಿಂದ ಗೆದ್ದಿತು, ಪೂಲ್ ಚುನಾವಣೆಯಲ್ಲಿ ಸೋತ, ಆಮೇಲೆ ಅವನೂ ವಾಕರನೂ ಫುಟ್ಬಾಲಿನಿಂದ ಶಾಶ್ವತವಾಗಿ ಹೊರಬಿದ್ದರು.

1915ರ ಪ್ರಸಂಗದಲ್ಲಿ ಹೀಗೆ ತಲೆಯೆತ್ತಿ ಹೇಳುವಂತಹದು ಏನೂ ಇಲ್ಲ. ಯುದ್ಧ ಶುರುವಾಗಿ ಎಂಟು ತಿಂಗಳಾಗಿತ್ತು. ಜನ ಮೈದಾನಗಳಿಗೆ ಬರುತ್ತಿರಲಿಲ್ಲ, ಸಂಬಳಕ್ಕೆ ಕತ್ತರಿ ಬಿದ್ದಿತ್ತು, ಆ ಋತುವಿನ ನಂತರ ಲೀಗ್ ನಡೆಯುವುದಿಲ್ಲವೆಂಬುದು ಎಲ್ಲರಿಗೂ ಕಾಣುತ್ತಿತ್ತು. ಏಪ್ರಿಲ್ 2ರ ಶುಭ ಶುಕ್ರವಾರದಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಲಿವರ್‌ಪೂಲನ್ನು 2–0ಯಿಂದ ಸೋಲಿಸಿತು. 1910ರಲ್ಲಿ ಅದೇ ಲಿವರ್‌ಪೂಲ್ ವಿರುದ್ಧದ ಪಂದ್ಯದೊಂದಿಗೆ ಆ ಮೈದಾನ ಶುರುವಾದಾಗ ಅಲ್ಲಿ ಮೊದಲ ಗೋಲು ಹೊಡೆದವನು ಟರ್ನ್‌ಬುಲ್. ಈ ದಿನದ ಪಂದ್ಯ ಮಾತ್ರ ನೋಡುವವರಿಗೇ ನಾಚಿಕೆ ತರುವಂತಿತ್ತು: ಯುನೈಟೆಡ್‌ನ ಪೆನಾಲ್ಟಿ ಗುರಿಯಿಂದ ದೂರ ಹೋಯಿತು, ಎರಡು ಗೋಲಾದ ಮೇಲೆ ಯಾರಿಗೂ ಮೂರನೆಯದು ಬೇಕಾಗಿರಲಿಲ್ಲ, ಲಿವರ್‌ಪೂಲಿನ ಫ್ರೆಡ್ ಪ್ಯಾಗ್ನಮ್ ಹೊಡೆದ ಚೆಂಡು ಗೋಲುಕಂಬದ ಅಡ್ಡಪಟ್ಟಿಗೆ ತಾಗಿದಾಗ ಅವನ ಜೊತೆಯವರೇ ಅವನ ಮೇಲೆ ಸಿಟ್ಟಾದರು. 40 ವರ್ಷದ ಮೆರೆಡಿತ್ ಬಲಪಕ್ಕದಲ್ಲಿ ನಿಂತೇ ಇದ್ದ. ತನಗೆ ಯಾರೂ ಚೆಂಡು ಕೊಡದಿದ್ದಾಗ ಏನೋ ನಡೆದಿದೆ ಎಂಬ ಅನುಮಾನ ಬಂತೆಂದು ಅವನು ಆಮೇಲೆ ಹೇಳಿದ. 2–0 ಎಂಬ ಅದೇ ಫಲಿತಾಂಶದ ಮೇಲೆ ಒಂದಕ್ಕೆ ಏಳರಂತೆ ಅಸಹಜವಾದಷ್ಟು ಬಾಜಿ ಹಣ ಬಿದ್ದಿತ್ತು.

ಫಲಿತಾಂಶವನ್ನು ಆಟಗಾರರು ಮೊದಲೇ ಗೊತ್ತುಮಾಡಿಕೊಂಡಿದ್ದರೆಂದು ಆ ವರ್ಷದ ಡಿಸೆಂಬರಿನಲ್ಲಿ ತೀರ್ಪು ಬಂತು. ಲಿವರ್‌ಪೂಲಿನ ನಾಲ್ವರು, ಯುನೈಟೆಡ್‌ನ ಮೂವರು, ಚೆಸ್ಟರ್‌ನ ಒಬ್ಬ ಆಜೀವ ನಿಷೇಧಕ್ಕೊಳಗಾದರು. ಯುನೈಟೆಡ್‌ನ ಮೂವರಲ್ಲಿ ಆ ದಿನ ಮೈದಾನದಲ್ಲಿದ್ದವನು ಎನಾಕ್ ವೆಸ್ಟ್ ಒಬ್ಬನೇ. ಉಳಿದಿಬ್ಬರಲ್ಲಿ ಒಬ್ಬ ಆರ್ಥರ್ ವಾಲಿ, ಇನ್ನೊಬ್ಬ ಸ್ಯಾಂಡಿ ಟರ್ನ್‌ಬುಲ್: ಹತ್ತು ವರ್ಷಗಳ ಹಿಂದೆ ವಿಲ್ಲಾ ನಾಯಕನ ಜೊತೆ ಕೈಕೈ ಮಿಲಾಯಿಸಿದವನು, ಕ್ವೀನ್ಸ್ ಹೋಟೆಲಿನ ಸಂತೆಗೂ ಮೊದಲೇ ಕೈಬದಲಾದವನು, ಕಪ್ ಗೆದ್ದುಕೊಟ್ಟವನು, ಕನ್ನಡಿ ಹೊತ್ತುಕೊಂಡು ಹೋದವನು. ಅವರು ಮಾಡಿದ್ದು ತಪ್ಪು. ದುಡ್ಡು ಕೊಟ್ಟು ಬಂದ ನೋಡುಗನಿಗೆ ಮಾಡಿದ ಮೋಸ. ವ್ಯವಸ್ಥೆಯ ಅನ್ಯಾಯವನ್ನು ಮುಂದಿಟ್ಟು ಅದನ್ನು ತೊಳೆಯುವುದು ನನ್ನ ಉದ್ದೇಶವಲ್ಲ. ಆದರೆ ಮುಂದಿನ ತಿಂಗಳಿನಿಂದ ಸಂಬಳವಿಲ್ಲ, ಬೇರೆ ಕಡೆ ಹೋಗುವ ಸ್ವಾತಂತ್ರ್ಯವೂ ಇಲ್ಲ ಎಂಬ ಸ್ಥಿತಿಯಲ್ಲಿ ಬಾಜಿಯ ಹಣಕ್ಕೆ ಮನಸ್ಸು ಜಾರುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ.

1919ರಲ್ಲಿ ಲೀಗ್ ಮತ್ತೆ ಶುರುವಾಗುವಾಗ ಯುದ್ಧಸೇವೆಯನ್ನು ಗಮನಿಸಿ ನಿಷೇಧಗಳನ್ನು ತೆರವುಗೊಳಿಸಲಾಯಿತು. ಟರ್ನ್‌ಬುಲ್‌ನ ಮೇಲಿನದನ್ನೂ ತೆಗೆದರು. ಅವನು 1917ರ ಮೇ ತಿಂಗಳಲ್ಲಿ ಫ್ರಾನ್ಸಿನ ಆರಾಸ್ ಕದನದಲ್ಲಿ ಸತ್ತಿದ್ದ. ಕೊನೆಯ ತನಕ ತಪ್ಪೊಪ್ಪದೆ, ಮಾನನಷ್ಟದ ಮೊಕದ್ದಮೆ ಹೂಡಿ ಸೋತ ವೆಸ್ಟ್‌ನ ನಿಷೇಧ ಹೋದದ್ದು 1945ರಲ್ಲಿ, ಅವನಿಗೆ ಅರುವತ್ತು ಹತ್ತಿರವಾದಾಗ. ಸಂಚಿನಲ್ಲಿ ಇದ್ದವರು ಆಟಗಾರರು ಮಾತ್ರ ಎಂದು ತೀರ್ಮಾನವಾದ್ದರಿಂದ ಕ್ಲಬ್ಬುಗಳಿಗೆ ದಂಡವಾಗಲಿಲ್ಲ, ಪಂದ್ಯದ ಫಲಿತಾಂಶ ರದ್ದಾಗಲಿಲ್ಲ. ಆ ಗೆಲುವಿನ ಎರಡು ಅಂಕಗಳು ಸೇರಿ ಯುನೈಟೆಡ್ 30 ಅಂಕಗಳೊಂದಿಗೆ, 29 ಅಂಕಗಳಿದ್ದ ಚೆಲ್ಸಿಯ ಮೇಲೆ, ಕೆಳಗಿಳಿಯುವ ಸ್ಥಾನದಿಂದ ತಪ್ಪಿಸಿಕೊಂಡಿತ್ತು. ಚೆಲ್ಸಿಗೆ ಅನ್ಯಾಯವಾಯಿತೆಂಬ ಮಾತು ಬಂದಾಗ ಲೀಗ್ ಮೊದಲ ವಿಭಾಗವನ್ನು 22 ಕ್ಲಬ್ಬುಗಳಿಗೆ ಹಿಗ್ಗಿಸಿ ಅದಕ್ಕೂ ಜಾಗ ಮಾಡಿಕೊಟ್ಟಿತು. ಯುನೈಟೆಡ್‌ನ ಎರಡು ಅಂಕಗಳು ಯುನೈಟೆಡ್‌ನ ಬಳಿಯೇ ಉಳಿದವು.